ಗ್ಯಾಸ್ ತುಂಬಿಸಿದರೂ ಲೈಟರ್ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ದೇವರ ದೀಪ, ಊದುಬತ್ತಿ ಹಚ್ಚಲು ಗ್ಯಾಸ್ ತುಂಬಿಸಿಕೊಳ್ಳುವ ಜೇಬಿನ ಲೈಟರ್ ಇಟ್ಟುಕೊಂಡಿದ್ದೇನೆ. ಗ್ಯಾಸ್ ಮುಗಿದಾಗ ಅವೆನ್ಯೂ ರಸ್ತೆಯಿಂದ ಡಬ್ಬಿ ತಂದು ತುಂಬಿಸಿದೆ. ಒತ್ತಿದರೆ ‘ಸುಸ್’ ಎನ್ನುತ್ತದೆ, ಚಕ್ರ ತಿರುಗಿಸಿದರೆ ಕಿಡಿಯೂ ಹಾರುತ್ತದೆ. ಆದರೆ ಹತ್ತುವುದಿಲ್ಲ. ಒಮ್ಮೊಮ್ಮೆ ಹತ್ತಿದರೂ ತಕ್ಷಣ ಆರಿಹೋಗುತ್ತದೆ. ಈಗಿನ ಚಳಿ ಕಾರಣವೇ?
– ಓದುಗರು, ಬಸವನಗುಡಿ

ಉತ್ತರ: ಚಳಿ ಕಾರಣವಲ್ಲ. ಲೈಟರಿನೊಳಗಿನ ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಬೆಂಗಳೂರಿನ ಮಾಗಿಯ ಬೆಳಗಿನ 15 ಡಿಗ್ರಿಯಲ್ಲೂ ಅದು ಆವಿಯಾಗಿ ಹೊರಬರಲು ಬೇಕಾದ ಒತ್ತಡ ಇದ್ದೇ ಇರುತ್ತದೆ. ಜ್ವಾಲೆ ಸ್ವಲ್ಪ ಗಿಡ್ಡವಾಗಬಹುದು, ಅಷ್ಟೆ.

ಕಿಡಿ ಇದೆ, ಸದ್ದಿದೆ, ಬೆಂಕಿ ಮಾತ್ರ ಇಲ್ಲ ಎಂದರೆ ಮೊದಲು ಅನುಮಾನಿಸಬೇಕಾದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು. ಖಾಲಿಯಾದ ಲೈಟರಿಗೆ ಹಾಗೇ ಗ್ಯಾಸ್ ತುಂಬಿಸುತ್ತಾ ಹೋದರೆ, ತುಂಬಿಸುವಾಗ ನುಗ್ಗಿದ ಗಾಳಿ ಹೊರಹೋಗದೆ ಮೇಲ್ಭಾಗದಲ್ಲಿ ಒತ್ತಿಕೊಂಡು ಕೂರುತ್ತದೆ. ಹೊಸ ಗ್ಯಾಸಿಗೆ ಜಾಗ ಸಿಗುವುದಿಲ್ಲ. ನಿಮಗೆ ಕೇಳಿಸುವ ‘ಸುಸ್’ನಲ್ಲಿ ಅರ್ಧಕ್ಕರ್ಧ ಬರೀ ಗಾಳಿ ಇರಬಹುದು. ಗಾಳಿಗೆ ಕಿಡಿ ತಗುಲಿದರೆ ಹತ್ತುವುದೇನು?

ಲೈಟರಿನ ತಳ ನೋಡಿ. ನಡುವೆ ಸಣ್ಣ ಹಿತ್ತಾಳೆಯ ಮೂತಿ ಇರುತ್ತದೆ, ಅದೇ ವಾಲ್ವ್. ಅದರ ಸುತ್ತ ಅಥವಾ ಪಕ್ಕದಲ್ಲಿ + ಮತ್ತು − ಗುರುತಿನ ತಿರುಪು ಇರುತ್ತದೆ, ಅದು ಜ್ವಾಲೆಯ ಹೊಂದಿಕೆ. ಮೊದಲು ಅದನ್ನು − ಕಡೆಗೆ ಪೂರ್ತಿ ತಿರುಗಿಸಿ. ಬಾಲ್ಕನಿಗೆ ಹೋಗಿ ಲೈಟರನ್ನು ತಲೆಕೆಳಗು ಹಿಡಿದು, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಮೂತಿಯನ್ನು ನೇರ ಒತ್ತಿ. ಸದ್ದು ನಿಂತ ಮೇಲೂ ಒಂದೆರಡು ನಿಮಿಷ ಬಿಟ್ಟು ಮತ್ತೆ ಒತ್ತಿ. ಒಳಗೆ ಉಳಿದಿದ್ದ ತಣ್ಣನೆಯ ದ್ರವ ಅಷ್ಟರಲ್ಲಿ ಬೆಚ್ಚಗಾಗಿ ಇನ್ನೊಂದಿಷ್ಟು ಆವಿ ಬಿಡುತ್ತದೆ. ಪೂರ್ತಿ ಮೌನವಾಗುವವರೆಗೆ ಹೀಗೆ ಮೂರು ನಾಲ್ಕು ಸಲ ಮಾಡಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಆಮೇಲೆ ಲೈಟರನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಡಿ (ಫ್ರೀಜರ್ ಬೇಡ). ಲೈಟರ್ ತಣ್ಣಗಿದ್ದು ಡಬ್ಬಿ ಕೋಣೆಯ ಬಿಸಿಯಲ್ಲಿದ್ದರೆ, ಡಬ್ಬಿಯ ಒತ್ತಡ ಹೆಚ್ಚಿರುವುದರಿಂದ ದ್ರವ ತಾನೇ ಇಳಿಯುತ್ತದೆ. ತುಂಬಿಸುವಾಗ ಲೈಟರ್ ತಲೆಕೆಳಗು, ಅದರ ಮೇಲೆ ಡಬ್ಬಿಯೂ ತಲೆಕೆಳಗು, ಎರಡೂ ಒಂದೇ ನೇರದಲ್ಲಿ ನಿಲ್ಲಬೇಕು. ಗಟ್ಟಿಯಾಗಿ ಒಂದೇ ಸಲ ಒತ್ತಿ ಐದು ಸೆಕೆಂಡ್ ಹಿಡಿದುಕೊಳ್ಳಿ. ಪಂಪು ಹೊಡೆದಂತೆ ಕುಟುಕುಟು ಒತ್ತಿದರೆ ಮತ್ತೆ ಗಾಳಿ ಸೇರುತ್ತದೆ. ಪಕ್ಕದಿಂದ ದ್ರವ ಚಿಮ್ಮಿ ಬೆರಳು ಕೊರೆದರೆ ಮೂತಿಗೆ ಮೂತಿ ಕೂತಿಲ್ಲ ಎಂದರ್ಥ. ಹಲವು ಡಬ್ಬಿಗಳ ಮುಚ್ಚಳದೊಳಗೆ ಬೇರೆ ಬೇರೆ ಅಳತೆಯ ಪ್ಲಾಸ್ಟಿಕ್ ಮೂತಿಗಳಿರುತ್ತವೆ, ಸರಿಹೋಗುವುದನ್ನು ಆರಿಸಿ.

ತುಂಬಿಸಿದ ಕೂಡಲೇ ಹಚ್ಚಬೇಡಿ. ಐದು ನಿಮಿಷ ಬಿಡಿ. ಒಳಗಿನ ದ್ರವ ಕೋಣೆಯ ಬಿಸಿಗೆ ಬರಬೇಕು, ಕೈಗೆ, ಲೈಟರಿಗೆ ಅಂಟಿದ ಗ್ಯಾಸೂ ಆರಿಹೋಗಬೇಕು. ಬ್ಯೂಟೇನ್ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಹಾಗಾಗಿ ಉರಿಯುವ ದೀಪವಿರುವ ದೇವರ ಮನೆಯಲ್ಲಿ, ಒಲೆಯ ಪಕ್ಕದಲ್ಲಿ ಈ ಕೆಲಸ ಬೇಡವೇ ಬೇಡ. ಕೊನೆಗೆ ತಿರುಪನ್ನು + ಕಡೆಗೆ ಸ್ವಲ್ಪ ಸ್ವಲ್ಪವೇ ತಂದು ನಡುಮಟ್ಟಕ್ಕೆ ನಿಲ್ಲಿಸಿ.

ಇಷ್ಟಾದರೂ ಹತ್ತದಿದ್ದರೆ ಗ್ಯಾಸ್ ಹೊರಬರುವ ರಂಧ್ರದಲ್ಲಿ ಜೇಬಿನ ನೂಲು, ಧೂಳು ಕೂತಿರಬಹುದು. ಕಂಪ್ಯೂಟರ್ ಧೂಳು ಊದುವ ಗಾಳಿ ಡಬ್ಬಿ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಅದರಿಂದ ಊದಿ. ಪಿನ್ನು ಚುಚ್ಚಬೇಡಿ, ರಂಧ್ರ ದೊಡ್ಡದಾದರೆ ಜ್ವಾಲೆ ಮತ್ತೆ ಹತೋಟಿಗೆ ಬರುವುದಿಲ್ಲ.

ಪ್ರಶ್ನೆ: ನನ್ನ ಲೋಹದ ಲೈಟರಿನಲ್ಲಿ ಗ್ಯಾಸ್ ಇದೆ, ಕಿಡಿಯೇ ಬರುವುದಿಲ್ಲ. ಚಕ್ರ ಅಲ್ಲಾಡುವುದೂ ಇಲ್ಲ.
– ಓದುಗರು, ಮಲ್ಲೇಶ್ವರ

ಉತ್ತರ: ಕಲ್ಲು ಕೆಟ್ಟಿದೆ. ಲೈಟರಿನ ಕಲ್ಲು ನಿಜಕ್ಕೂ ಕಲ್ಲಲ್ಲ, ಸೀರಿಯಂ ಮತ್ತು ಕಬ್ಬಿಣ ಸೇರಿದ ಮಿಶ್ರಲೋಹ. ತೇವದಲ್ಲಿ ಬಹಳ ಕಾಲ ಸುಮ್ಮನೆ ಬಿದ್ದಿದ್ದರೆ ಉಬ್ಬಿ, ಪುಡಿಯಾಗಿ, ಕೊಳವೆಯಲ್ಲೇ ಗಟ್ಟಿಯಾಗಿ ಚಕ್ರವನ್ನು ಹಿಡಿದುಬಿಡುತ್ತದೆ. ತಳದಲ್ಲಿ ಕಲ್ಲಿನ ತಿರುಪು ಇದ್ದರೆ ಬಿಚ್ಚಿ. ಅದರ ಹಿಂದೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಬೆರಳು ಅಡ್ಡ ಇಡದಿದ್ದರೆ ಹಾರಿ ಹೋಗುತ್ತದೆ. ಹಳೆಯ ಪುಡಿಯನ್ನು ತಟ್ಟಿ, ಬೇಕಾದರೆ ಸಣ್ಣ ತಂತಿಯಿಂದ ಕೆರೆದು ಪೂರ್ತಿ ತೆಗೆಯಿರಿ. ಚಕ್ರದ ಹಲ್ಲುಗಳ ನಡುವಿನ ಕಪ್ಪನ್ನು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಮಾತ್ರ ಹಾಕಬೇಡಿ. ಮೊದಲು ಹೊಸ ಕಲ್ಲು, ಆಮೇಲೆ ಸ್ಪ್ರಿಂಗ್, ಕೊನೆಗೆ ತಿರುಪು. ಕತ್ತಲಲ್ಲಿ ತಿರುಗಿಸಿ ನೋಡಿ: ಕಿಡಿ ಗ್ಯಾಸಿನ ರಂಧ್ರದ ಮೇಲೆ ಬೀಳಬೇಕು.

ಪ್ರಶ್ನೆ: ಡಬ್ಬಿ ಕೊಳ್ಳುವ ಬದಲು ಅಡುಗೆ ಸಿಲಿಂಡರಿನಿಂದಲೇ ಲೈಟರಿಗೆ ತುಂಬಿಸಿಕೊಳ್ಳಬಹುದೇ?
– ಓದುಗರು, ಪೀಣ್ಯ

ಉತ್ತರ: ಖಂಡಿತ ಕೂಡದು. ಅಡುಗೆ ಗ್ಯಾಸ್ ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. 30 ಡಿಗ್ರಿಯಲ್ಲಿ ಬ್ಯೂಟೇನಿನ ಒತ್ತಡ ಸುಮಾರು 3 ಬಾರ್, ಪ್ರೊಪೇನಿನದು 10 ದಾಟುತ್ತದೆ. ಜೇಬಿನ ಲೈಟರಿನ ಗೋಡೆ, ವಾಲ್ವಿನ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಬ್ಯೂಟೇನ್ ತುಂಬಿದ ಲೈಟರನ್ನೂ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬಾರದು, 50 ಡಿಗ್ರಿ ದಾಟಬಾರದೆಂದು ಅದರ ಮೇಲೆಯೇ ಮುದ್ರಿಸಿರುತ್ತಾರೆ. ಲೈಟರಿಗೆಂದೇ ಮಾರುವ ಶುದ್ಧ ಬ್ಯೂಟೇನ್ ಡಬ್ಬಿಯನ್ನೇ ಬಳಸಿ.