ಆ ಶಕ್ತಿ ಯಾರ ಜೇಬಿಗೆ ಹೋಯ್ತು?

ನಮಸ್ಕಾರ.

ಕೊಳವೆಯೊಳಗಿನ ಜೋರು ಸದ್ದಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಚಿತ್ರ ಚೆನ್ನಾಗಿದೆ, ಭಾಷೆ ತಿಳಿಯಾಗಿದೆ. ಎರಡೂ ತುದಿ ಮುಚ್ಚಿದ 34 ಸೆಂಟಿಮೀಟರ್ ಕೊಳವೆಗೆ ಸ್ಪೀಕರ್ ಕೂರಿಸಿ ನೀವೇ ಅಳೆದಿದ್ದೀರಿ, ಶಭಾಷ್. ಇನ್ನು ಜಗಳ.

ಮೂರನೇ ಪುಟದ ಸಾಲು: “ಸದ್ದು ಜೋರಾದಂತೆ ಅರೇಖೀಯ ಪರಿಣಾಮದಿಂದ ಶಕ್ತಿ ನಷ್ಟವಾಗುತ್ತದೆ.” ನಾನು ಅಲ್ಲೇ ನಿಂತುಬಿಟ್ಟೆ. ‘ಅರೇಖೀಯ’ (ಕಾರಣ ಏರಿದ ಅಳತೆಯಲ್ಲೇ ಪರಿಣಾಮ ಏರದಿರುವುದು) ಅಂದುಬಿಟ್ಟರೆ ಆಯ್ತಾ? ಒಳಗೆ ಏನು ನಡೆಯಿತು ಹೇಳಿ. ಅಲೆಯಲ್ಲಿ ಗಾಳಿ ಒತ್ತಿಕೊಂಡ ಭಾಗ ತುಸು ಬಿಸಿ, ಜೊತೆಗೆ ಅಲೆ ಹೋಗುವ ಕಡೆಗೇ ಸರಿಯುತ್ತಿರುತ್ತದೆ. ಹಾಗಾಗಿ ಅದು ಬೇಗ ಓಡುತ್ತದೆ, ಸಡಿಲ ಭಾಗ ಹಿಂದೆ ಬೀಳುತ್ತದೆ. ನುಣುಪಾಗಿದ್ದ ಅಲೆ ಗರಗಸದ ಹಲ್ಲಿನಂತಾಗುತ್ತದೆ. ಅಂದರೆ ನಿಮ್ಮ ಕೊಳವೆಯ ಮೂಲಸ್ವರವಾದ 504 ಹರ್ಟ್ಸ್‌ನ ಶಕ್ತಿ 1008ಕ್ಕೆ, 1512ಕ್ಕೆ ಸೋರುತ್ತಿದೆ. ನೇರ ಕೊಳವೆ ಆ ಸ್ವರಗಳಿಗೂ ಅನುರಣಿಸುತ್ತದೆ, ಅಂದರೆ ಅವನ್ನೂ ಎತ್ತಿ ಜೋರಾಗಿಸುತ್ತದೆ, ಬಾಗಿಲು ತೆಗೆದಿಟ್ಟ ಹಾಗೆ. 1997ರಲ್ಲಿ ಅಮೆರಿಕದ ಟಿಮ್ ಲ್ಯೂಕಸ್ ಜನರ ಮುಂದಿಟ್ಟದ್ದು ಇದಕ್ಕೇ ಉಪಾಯ: ಪಾತ್ರೆಯ ಆಕಾರ ಬದಲಿಸಿ ಆ ಬಾಗಿಲು ಮುಚ್ಚುವುದು. ನಿಮ್ಮಲ್ಲಿ ಅದರ ಸುಳಿವೇ ಇಲ್ಲ.

ಇನ್ನು ‘ನಷ್ಟ’. ಈ ಪದ ಕಂಡರೆ ನನಗೆ ಮೈ ಉರಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಸುಮ್ನೆ ಹಾಗೇ ಬರೆದಿದ್ದೆ. ನಮ್ಮ ಸಂಪಾದಕರು ಆ ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರ ಜೇಬಿಗೆ?’ ಎಂದು ಗೀಚಿದ್ದರು. ನನಗೆ ಗೊತ್ತಿರಲಿಲ್ಲ. ಮೂರು ದಿನ ಲೈಬ್ರರಿಯಲ್ಲಿ ಕೂತೆ. ಕೊಳವೆಯ ಗೋಡೆಗೆ ತಾಗಿ ಗಾಳಿಯ ಒಂದು ತೆಳು ಪದರ ಇರುತ್ತದೆ. 500 ಹರ್ಟ್ಸ್‌ನಲ್ಲಿ ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಇಂಥ ಕೊಳವೆಯಲ್ಲಿ ಮೆಲುಸದ್ದಿನ ಶಕ್ತಿ ಜಾಸ್ತಿ ಹೋಗುವುದು ಅಲ್ಲೇ, ಗೋಡೆಗೆ ಉಜ್ಜಿ, ಶಾಖ ಬಿಟ್ಟುಕೊಟ್ಟು. ಜೋರಾದರೆ ಗರಗಸದ ಕಡಿದಾದ ಅಂಚಿನಲ್ಲೂ ಬಿಸಿಯಾಗುತ್ತದೆ. ಇಷ್ಟು ಬರೆದುಕೊಟ್ಟಾಗ ಅವರು ಏನೂ ಹೇಳಲಿಲ್ಲ. ಕಾಫಿ ತರಿಸಿದರು.

ಅದರ ಕೆಳಗಿನ ಸಾಲು: “ಕೊಳವೆಯ ಕ್ಯೂ ಮೌಲ್ಯ 90.” ಕ್ಯೂ ಅಂದರೆ ಅನುರಣನ ಎಷ್ಟು ಚೂಪು ಅನ್ನುವ ಅಳತೆ. ಎಷ್ಟು ಜೋರಿನಲ್ಲಿ ಅಳೆದದ್ದು, ಸ್ವಾಮಿ? ಕೊಳವೆಯ ಸದ್ದು ಅತಿ ಹೆಚ್ಚು ಏಳುವ ಶಿಖರದ ಆವೃತ್ತಿಯನ್ನು (ಹರ್ಟ್ಸ್ ಲೆಕ್ಕವನ್ನು) ಆ ಶಿಖರದ ಅಗಲದಿಂದ ಭಾಗಿಸಿದ್ದೀರಿ, ಸರಿ. ಸದ್ದು ಜೋರಾದರೆ ಆ ಅಗಲವೇ ಬದಲಾಗುತ್ತದೆ ಅನ್ನೋದೇ ಅಲ್ವಾ ನಿಮ್ಮ ಲೇಖನ?

ಮೆಲ್ಲಗೆ, ಮಧ್ಯಮ, ಜೋರು ಅಂತ ಮೂರು ಸಲ ಅಳೆಯಿರಿ. ಪ್ರತಿ ಸಲವೂ ಮೈಕಿಗೆ ಸಿಕ್ಕ ಒತ್ತಡವನ್ನು ಪಾಸ್ಕಲ್‌ನಲ್ಲಿ ಬರೆಯಿರಿ. ಆವೃತ್ತಿಯನ್ನು ಸಾವಕಾಶ ಬದಲಿಸಿ, ಸರಸರ ತಿರುಗಿಸಿದರೆ ಶಿಖರ ಪೂರ್ತಿ ಏಳೋದೇ ಇಲ್ಲ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ.