ವಿಶ್ವವಿದ್ಯಾಲಯದಿಂದ ಊರಿನವರಿಗೆ ಡಿಗ್ರಿ ಬಿಟ್ಟು ಬೇರೇನು ಲಾಭ?

ಊರಿನ ಸಮಸ್ಯೆಗೆ ಊರಿನ ಮಣ್ಣಲ್ಲೇ ಪರಿಹಾರ ಹುಡುಕಿಕೊಡುತ್ತದೆ, ಅದೇ ದೊಡ್ಡ ಲಾಭ.

ಉಡುಪಿಯ ಬೈಲು ಗದ್ದೆಗಳನ್ನೇ, ಅಂದರೆ ತಗ್ಗಿನ ಭತ್ತದ ಗದ್ದೆಗಳನ್ನೇ ನೋಡಿ. ಮಳೆ ಜಾಸ್ತಿಯಾಗಿ ನೆರೆ ನಿಂತರೆ ನೆಟ್ಟ ನೇಜಿ (ಭತ್ತದ ಸಸಿ) ಕೊಳೆತೇ ಹೋಗುತ್ತದೆ. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಬ್ರಹ್ಮಾವರದ ಸಂಶೋಧನಾ ಕೇಂದ್ರ ಇಂಥ ಗದ್ದೆಗೆಂದೇ ನೆರೆ ತಡೆದುಕೊಳ್ಳುವ ಕೆಂಪಕ್ಕಿ ತಳಿ ‘ಸಹ್ಯಾದ್ರಿ ಪಂಚಮುಖಿ’ಯನ್ನು ಕೊಟ್ಟಿದೆ. ಹೊಸ ತಳಿಯನ್ನು ಸುಮ್ನೆ ಕೇಂದ್ರದೊಳಗೆ ಬೆಳೆಸಿದರೆ ಸಾಲದು, ರೈತರ ಗದ್ದೆಯಲ್ಲೂ ವರ್ಷಗಟ್ಟಲೆ ಬೆಳೆಸಿ ನೋಡಬೇಕು. ನೀರು ಇಳಿದ ಮೇಲೆ ಪೈರು ಚೇತರಿಸಿಕೊಂಡಿತಾ? ಕುಚ್ಚಲಕ್ಕಿಗೆ ಒಗ್ಗುತ್ತದಾ? ದನಕ್ಕೆ ಬೈಹುಲ್ಲು ಸಿಗುತ್ತದಾ? ಕರಾವಳಿಯಷ್ಟು ಸಣ್ಣ ಮಾರುಕಟ್ಟೆಗಾಗಿ ಖಾಸಗಿ ಕಂಪನಿ ಇಷ್ಟು ವರ್ಷ ಕಾಯುವುದು ಕಷ್ಟ, ಅಲ್ವಾ? ಅದಕ್ಕೇ ಇದು ವಿಶ್ವವಿದ್ಯಾಲಯದ ಕೆಲಸ.

ಗದ್ದೆಯಲ್ಲಿ ಕಂಡದ್ದು ತರಗತಿಗೂ ಹೋಗುತ್ತದೆ. ಅಲ್ಲಿ ಕಲಿತವರೇ ಮುಂದೆ ರೈತ ಸಂಪರ್ಕ ಕೇಂದ್ರಗಳಿಗೆ ಕೃಷಿ ಅಧಿಕಾರಿಗಳಾಗಿ ಬರುತ್ತಾರೆ.