ಫೋಟೋ ಅಡ್ಡ ಮಲಗಿದರೆ ಯಾರ ತಪ್ಪು?

ಪ್ರಶ್ನೆ: ಫೋನಿನಲ್ಲಿ ನೆಟ್ಟಗಿರುವ ಫೋಟೋ ಕಂಪ್ಯೂಟರಿಗೆ ಹಾಕಿದರೆ ಅಡ್ಡ ಮಲಗುತ್ತದೆ. ತಿರುಗಿಸಿ ಸೇವ್ ಮಾಡಿದರೆ ನನ್ನ ಕಡೆ ಸರಿ, ಬೇರೆಯವರಿಗೆ ಕಳಿಸಿದರೆ ಅವರ ಕಡೆ ಇನ್ನೊಂದು ಪಕ್ಕಕ್ಕೆ ಬಿದ್ದಿರುತ್ತದೆ. ಫೋನ್ ಕೆಟ್ಟಿದೆಯಾ?

ಉತ್ತರ: ಫೋನ್ ಚೆನ್ನಾಗೇ ಇದೆ. ಅದರೊಳಗೆ ಚಿತ್ರ ಹಿಡಿಯುವ ಸೆನ್ಸರ್ ಒಂದೇ ದಿಕ್ಕಿಗೆ ಕೂತಿರುತ್ತದೆ, ನೀವು ಫೋನನ್ನು ಉದ್ದಕ್ಕೆ ಹಿಡಿದರೂ ಸಾಮಾನ್ಯವಾಗಿ ಫೈಲಿಗೆ ಬರೆಯುವುದು ಅಡ್ಡ ಚಿತ್ರವನ್ನೇ. ಜೊತೆಗೆ ಒಂದು ಚೀಟಿ ಅಂಟಿಸುತ್ತದೆ: ತೋರಿಸುವಾಗ ಬಲಕ್ಕೆ 90 ಡಿಗ್ರಿ ತಿರುಗಿಸು ಅಂತ. ಎಕ್ಸಿಫ್ ಮಾಹಿತಿಯಲ್ಲಿರುವ, ಅಂದರೆ ಫೋಟೋ ಫೈಲಿನೊಳಗೇ ಚಿತ್ರದ ಜೊತೆ ಸೇರಿಸಿಡುವ ವಿವರಗಳಲ್ಲಿರುವ, ಓರಿಯೆಂಟೇಶನ್ (ದಿಕ್ಕಿನ) ಟ್ಯಾಗ್ ಅಂದರೆ ಇದೇ. ಇದರ ಬೆಲೆ 1ರಿಂದ 8ರವರೆಗೆ ಇರಬಹುದು. 1 ಅಂದರೆ ಇದ್ದ ಹಾಗೇ ತೋರಿಸು, 3 ಅಂದರೆ ತಲೆಕೆಳಗು ಮಾಡು, 6 ಅಂದರೆ ಬಲಕ್ಕೆ 90 ಡಿಗ್ರಿ, 8 ಅಂದರೆ ಎಡಕ್ಕೆ 90. ಉಳಿದ ನಾಲ್ಕು ಕನ್ನಡಿ ಬಿಂಬದವು, ಅವು ಕಣ್ಣಿಗೆ ಬೀಳುವುದೇ ಅಪರೂಪ.

ಈಗ ನಿಮ್ಮ ಫೋಟೋಗೆ ಏನಾಯಿತು ನೋಡಿ. ಫೈಲಿನಲ್ಲಿ 4032 ಪಿಕ್ಸೆಲ್ (ಚಿತ್ರದ ಚುಕ್ಕೆ) ಅಗಲ, 3024 ಎತ್ತರದ ಅಡ್ಡ ಚಿತ್ರ, ಟ್ಯಾಗ್ 6 ಅಂತ ಇಟ್ಟುಕೊಳ್ಳೋಣ. ಕಂಪ್ಯೂಟರಿನ ಹಳೇ ವ್ಯೂವರ್ (ಫೋಟೋ ತೋರಿಸುವ ಸಾಫ್ಟ್‌ವೇರ್) ಟ್ಯಾಗ್ ಓದುವುದಿಲ್ಲ, ಹಾಗಾಗಿ ನಿಂತ ಮನುಷ್ಯನ ತಲೆ ಎಡಕ್ಕೆ ಇರುತ್ತದೆ. ನೀವು ಬಲಕ್ಕೆ ತಿರುಗಿಸಿ ಸೇವ್ ಮಾಡಿದಿರಿ, ಪಿಕ್ಸೆಲ್‌ಗಳು ನಿಜವಾಗಿಯೇ ತಿರುಗಿದವು, ಆದರೆ ಟ್ಯಾಗ್ 6 ಹಾಗೇ ಉಳಿಯಿತು. ಟ್ಯಾಗ್ ಓದುವ ಸಾಫ್ಟ್‌ವೇರ್ ಅದನ್ನು ನಂಬಿ ಇನ್ನೊಂದು ಸಲ ಬಲಕ್ಕೆ ತಿರುಗಿಸುತ್ತದೆ. ತಲೆ ಬಲಕ್ಕೆ ಬಂತು ಅಲ್ವಾ? ಅರ್ಧ ಕೆಲಸ ಮಾಡಿದ ಆ ವ್ಯೂವರ್‌ನದೇ ಇಲ್ಲಿ ತಪ್ಪು.

ಈಗಾಗಲೇ ಹಾಳಾದ ಫೋಟೋಗಳಿಗೆ ಇನ್ನೊಂದು ಸಲ ತಿರುಗಿಸಲು ಹೋಗಬೇಡಿ. ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಟ್ಯಾಗನ್ನು 1 ಮಾಡಿ, ಅಷ್ಟೇ. ಪಿಕ್ಸೆಲ್ ಮುಟ್ಟುವುದಿಲ್ಲ, ಮೂಲ ಫೈಲಿನ ಒಂದು ಪ್ರತಿಯನ್ನೂ ತಾನೇ ಉಳಿಸಿಕೊಳ್ಳುತ್ತದೆ. ಇಡೀ ಫೋಲ್ಡರ್‌ಗೂ ಒಂದೇ ಸಲ ಮಾಡಬಹುದು, ಆದರೆ ಆ ಫೋಲ್ಡರ್‌ನಲ್ಲಿ ಕೈಯಿಂದ ತಿರುಗಿಸಿದ ಫೋಟೋಗಳು ಮಾತ್ರ ಇರಲಿ, ಇಲ್ಲದಿದ್ದರೆ ಸರಿಯಾಗಿದ್ದವೂ ಮಲಗುತ್ತವೆ.

ಮುಂದಿನ ಫೋಟೋಗಳನ್ನು ಎಲ್ಲಿ ತೆರೆದರೂ ನೆಟ್ಟಗೆ ಕಾಣಬೇಕಾದರೆ ಪಿಕ್ಸೆಲ್ ತಿರುಗಿಸುವುದು, ಟ್ಯಾಗ್ 1 ಮಾಡುವುದು ಎರಡೂ ಒಟ್ಟಿಗೆ ಆಗಬೇಕು. ಇಮೇಜ್‌ಮ್ಯಾಜಿಕ್ ಅನ್ನುವ ಸಾಫ್ಟ್‌ವೇರ್‌ನ ಆಟೋ-ಓರಿಯೆಂಟ್ ಆಯ್ಕೆ ಎರಡನ್ನೂ ಮಾಡುತ್ತದೆ, ಆದರೆ ಜೆಪೆಗ್ ಫೈಲನ್ನು ಮತ್ತೆ ಕುಗ್ಗಿಸುವುದರಿಂದ ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ಅದು ಬೇಡ ಅಂದರೆ ಜೆಪೆಗ್‌ಟ್ರಾನ್ ತರಹದ ಸಾಫ್ಟ್‌ವೇರ್‌ನಲ್ಲಿ ಪಿಕ್ಸೆಲ್ ತಿರುಗಿಸಿ, ಟ್ಯಾಗ್ ಉಳಿದಿದ್ದರೆ ಅದನ್ನೂ 1 ಮಾಡಿ. ಇದು 8 ಅಥವಾ 16 ಪಿಕ್ಸೆಲ್‌ಗಳ ಚೌಕಗಳನ್ನೇ ಎತ್ತಿ ಬೇರೆ ಕಡೆ ಇಡುತ್ತದೆ, ಹಾಗಾಗಿ ನಷ್ಟವಿಲ್ಲ. ಆದರೆ ಚಿತ್ರದ ಅಗಲ, ಎತ್ತರ ಚೌಕಗಳಿಗೆ ಸರಿಯಾಗಿ ಹೊಂದಬೇಕು. 4032, 3024 ಎರಡೂ 16ರಿಂದ ಸರಿಯಾಗಿ ಭಾಗವಾಗುತ್ತವೆ. 3000 ಆಗುವುದಿಲ್ಲ, ಅಂಥ ಫೋಟೋಗಳಲ್ಲಿ ಅಂಚಿನ 8 ಪಿಕ್ಸೆಲ್ ಕತ್ತರಿಸಬೇಕಾಗಬಹುದು. ನನ್ನ ಕೇಳಿದರೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಮೇಜಿನ ಮೇಲೆ ಪುಸ್ತಕ ಇಟ್ಟು ಮೇಲಿನಿಂದ ಫೋಟೋ ತೆಗೆದಾಗ ಮಾತ್ರ ಕೆಲವು ಪುಟಗಳು ಅಡ್ಡ ಬರುತ್ತವೆ. ಯಾಕೆ?

ಉತ್ತರ: ಭೂಮಿ ಯಾವ ಕಡೆಗೆ ಎಳೆಯುತ್ತಿದೆ ಅನ್ನುವುದನ್ನು ನೋಡಿ ಫೋನ್ ದಿಕ್ಕು ತಿಳಿಯುತ್ತದೆ. ಫೋನ್ ನೆಲಕ್ಕೆ ಮುಖ ಮಾಡಿ ಮಟ್ಟಸವಾಗಿ ಮಲಗಿದ್ದರೆ ಮೇಲು ಯಾವುದು, ಪಕ್ಕ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಕ್ಷಣ ನೆಟ್ಟಗೆ ಹಿಡಿದು ಆಮೇಲೆ ನಿಧಾನವಾಗಿ ಬಗ್ಗಿಸಿ, ಸಾಮಾನ್ಯವಾಗಿ ಸರಿಹೋಗುತ್ತದೆ. ತೆಗೆದಾಗಿದ್ದರೆ ಟ್ಯಾಗ್ ಬದಲಿಸಿ, ಸಾಕು. ಇಲ್ಲಿ ನಿಜಕ್ಕೂ ತಪ್ಪಿರುವುದು ಟ್ಯಾಗೇ.

ಪ್ರಶ್ನೆ: ಎಲ್ಲಿ ತೆಗೆದದ್ದು ಅಂತ ಗೊತ್ತಾಗಬಾರದು ಅಂತ ಫೋಟೋಗಳ ಮೆಟಾಡೇಟಾ (ಫೈಲಿನೊಳಗಿನ ವಿವರಗಳು) ಪೂರ್ತಿ ಅಳಿಸಿದೆ. ಈಗ ಅರ್ಧಕ್ಕರ್ಧ ಅಡ್ಡ ಮಲಗಿವೆ.

ಉತ್ತರ: ಜಾಗದ ಮಾಹಿತಿಯ ಜೊತೆ ಓರಿಯೆಂಟೇಶನ್ ಟ್ಯಾಗೂ ಹೋಯಿತು. ಮೂಲ ಫೈಲುಗಳಿದ್ದರೆ ಆ ಒಂದು ಟ್ಯಾಗನ್ನು ಮಾತ್ರ ಅವುಗಳಿಂದ ನಕಲು ಮಾಡಿ ತರಬಹುದು, ಎಕ್ಸಿಫ್‌ಟೂಲ್‌ನಲ್ಲಿ ಅದಕ್ಕೆ ದಾರಿ ಇದೆ. ಮೂಲ ಇಲ್ಲದಿದ್ದರೆ ಒಂದೊಂದಾಗಿ ಕಣ್ಣಲ್ಲಿ ನೋಡಿ ತಿರುಗಿಸಬೇಕು, ಬೇರೆ ಗತಿಯಿಲ್ಲ. ಇನ್ನು ಮುಂದೆ ಜಾಗ ಹೇಳುವ ಜಿಪಿಎಸ್ ಭಾಗ ಮಾತ್ರ ಅಳಿಸಿ. ಪೂರ್ತಿ ಅಳಿಸಲೇಬೇಕು ಅಂದರೆ ಮೊದಲು ಪಿಕ್ಸೆಲ್ ತಿರುಗಿಸಿ, ಆಮೇಲೆ ಅಳಿಸಿ.